ಬೂದವ್ವನ ಹಳದಿ ಲಂಗ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರದ ಕಾಲ. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತಿತ್ತು. ನದಿಗಳು ಎತ್ತ ಹರಿಯಬೇಕೆಂದು ತಿಳಿಯದೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದವು. ಕಲ್ಲುಗಳು ಕೂಡ ಆಗ ಮಾತಾಡುತ್ತಿದ್ದವು. ಆದರೆ ಬಹಳ ನಿಧಾನ. ಬೆಳಿಗ್ಗೆ ಶುರು ಮಾಡಿದ ಮಾತು ಸಂಜೆಗೆ ಮುಗಿಯುತ್ತಿತ್ತು.

ಆ ಕಾಲದಲ್ಲಿ ಭೂಮಿಯೆಂಬ ದೊಡ್ಡ ಮನೆಗೆ ಇಬ್ಬರು ಸೊಸೆಯರಿದ್ದರು. ಹಿರಿಯಳು ಹಗಲಕ್ಕ, ಕಿರಿಯಳು ಇರುಳಕ್ಕ. ಒಬ್ಬಳು ಒಳಗೆ ಬಂದರೆ ಇನ್ನೊಬ್ಬಳು ಹೊರಗೆ. ಜಗಳವೇನೂ ಇರಲಿಲ್ಲ. ಮನೆ ಒಂದೇ, ಒಲೆ ಒಂದೇ, ಓರಗಿತ್ತಿಯರು ಇಬ್ಬರು. ಹೊತ್ತು ಹಂಚಿಕೊಂಡಿದ್ದರು, ಅಷ್ಟೆ. ಬಾಗಿಲಲ್ಲಿ ಎದುರಾದಾಗ ಮಾತ್ರ ಇಬ್ಬರ ಮುಖವೂ ಸ್ವಲ್ಪ ಕೆಂಪಾಗುತ್ತಿತ್ತು. ಅದನ್ನೇ ನಾವು ಮುಂಜಾವು ಅನ್ನುತ್ತೇವೆ, ಮುಸ್ಸಂಜೆ ಅನ್ನುತ್ತೇವೆ.

ಹೊತ್ತು ಹಂಚಿಕೊಂಡ ಹಾಗೆ ರೆಕ್ಕೆಯ ಮಕ್ಕಳನ್ನೂ ಹಂಚಿಕೊಂಡರು.

ಹಗಲಕ್ಕ ತನ್ನ ಮಕ್ಕಳಿಗೆ ಹೂವಿನ ಬಣ್ಣದ ಬಟ್ಟೆ ಹೊಲಿದಳು. ಮೀಸೆಯ ತುದಿಗೆ ಪುಟ್ಟ ಗುಂಡು ಪೋಣಿಸಿದಳು. "ಕೂತಾಗ ಕೈ ಮುಗಿದ ಹಾಗೆ ರೆಕ್ಕೆ ಮೇಲಕ್ಕೆ ಜೋಡಿಸಿ. ನೋಡಿದ ಕೂಡಲೇ ನನ್ನ ಮಕ್ಕಳು ಅಂತ ಗೊತ್ತಾಗಬೇಕು," ಎಂದಳು. ಅವು ಚಿಟ್ಟೆಗಳಾದವು.

ಇರುಳಕ್ಕ ತನ್ನ ಮಕ್ಕಳಿಗೆ ಬೂದಿ ಬಣ್ಣದ ಬಟ್ಟೆ ಹೊಲಿದಳು. ಮೀಸೆಗೆ ಗುಂಡು ಇಡಲಿಲ್ಲ. "ಕೂತಾಗ ಹೆಂಚಿನ ಸೂರಿನ ಹಾಗೆ ರೆಕ್ಕೆ ಇಳಿಬಿಡಿ. ಕತ್ತಲಲ್ಲಿ ಸವರಿದರೂ ನನ್ನ ಮಕ್ಕಳು ಅಂತ ಗೊತ್ತಾಗಬೇಕು," ಎಂದಳು. ಅವು ಪತಂಗಗಳಾದವು.

ಆಮೇಲೆ ಇರುಳಕ್ಕ ಇನ್ನೊಂದು ಮಾತು ಹೇಳಿದಳು. "ಹಗಲಲ್ಲಿ ಹಕ್ಕಿಗಳ ಕಣ್ಣು ಚೂಪು. ನಾನು ಬಂದು ಬಾಗಿಲು ತಟ್ಟುವವರೆಗೆ ರೆಕ್ಕೆ ಬಿಚ್ಚಬೇಡಿ."

ಮಕ್ಕಳೆಲ್ಲ ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು. ಇನ್ನೂ ರೆಕ್ಕೆ ಬಾರದ ಕಂಬಳಿಹುಳುಗಳು ಕೂಡ ತೆವಳಿಕೊಂಡು ಬಂದು ಮಾತು ಕೊಟ್ಟವು.

ಆ ಕಂಬಳಿಹುಳುಗಳಲ್ಲಿ ಒಬ್ಬಳು ಬೂದವ್ವ.

ಬೂದವ್ವನಿಗೆ ಒಂದು ಗುಣವಿತ್ತು. ಯಾರು ಏನೇ ಹೇಳಿದರೂ "ಯಾಕೆ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಪತಂಗಗಳೆಲ್ಲ ಚಂದ್ರನ ಅಂಗಳಕ್ಕೆ ಹೋಗಿ ಸುತ್ತು ಹಾಕುವುದನ್ನು ರೂಢಿ ಮಾಡಿಕೊಂಡಿದ್ದವು.

"ಅವನ ಸುತ್ತ ಯಾಕೆ ಸುತ್ತಬೇಕು?" ಬೂದವ್ವ ಕೇಳಿದಳು.

"ಎಲ್ಲರೂ ಸುತ್ತುತ್ತಾರಲ್ಲ," ಅಂದರು ಅಕ್ಕಂದಿರು.

"ಅದು ಉತ್ತರ ಆಗಲಿಲ್ಲ."

"ಹುಟ್ಟಿ ಇನ್ನೂ ಮೈ ಒಣಗಿಲ್ಲ, ಮಾತು ನೋಡು! ರೆಕ್ಕೆ ಬಂದಮೇಲೆ ನೀನೂ ಸುತ್ತುತ್ತೀಯ."

"ಇನ್ನೊಬ್ಬರ ಬೆಳಕಿನ ಸುತ್ತ ನಾನು ಸುತ್ತೋದಿಲ್ಲ," ಅಂದಳು ಬೂದವ್ವ. ಅಕ್ಕಂದಿರು ನಕ್ಕರು. ನಕ್ಕಿದ್ದು ಅವಳಿಗೆ ನೆನಪಿನಲ್ಲಿ ಉಳಿಯಿತು.

ಅದೇ ಸಮಯಕ್ಕೆ ಗಾಳಿಯಣ್ಣ ಬಂದ. ಯಾರು ಯಾವ ಸೀಮೆಯಲ್ಲಿ ಇರಬೇಕೋ ಅಲ್ಲಿಗೆ ಅವರನ್ನು ಮುಟ್ಟಿಸುವುದು ಆಗ ಅವನ ಕೆಲಸ. "ಬಡಗಣದ ತುದಿಗೆ ಯಾರಾದರೂ ಬರ್ತೀರಾ? ಅಲ್ಲಿ ಮರ ಇಲ್ಲ. ನೆಲ ಕೆದಕಿದರೆ ಕೆಳಗೆ ಮಂಜುಗಡ್ಡೆ. ಗಿಡಗಳು ಅಂಗೈ ಎತ್ತರ. ಕಲ್ಲುಗಳು ಮಾತ್ರ ಬೇಕಾದಷ್ಟು," ಎಂದು ಕೂಗಿದ.

ಹುಳುಗಳೆಲ್ಲ ಎಲೆಯ ಮರೆಗೆ ಸರಿದವು.

"ಅಲ್ಲಿ ಯಾರಾದರೂ ಪತಂಗ ಇದ್ದಾರಾ?" ಬೂದವ್ವ ಕೇಳಿದಳು.

"ಒಬ್ಬರೂ ಇಲ್ಲ."

"ಹಾಗಾದರೆ ನಾನು ಬರ್ತೀನಿ. ಅಲ್ಲಿ ಪತಂಗ ಅಂದರೆ ಹೇಗಿರಬೇಕು ಅಂತ ಹೇಳೋದಕ್ಕೆ ಯಾರೂ ಇರೋದಿಲ್ಲ."

ಅವಳು ಬಾಯಿಂದ ಒಂದು ಎಳೆ ನೂಲು ಬಿಟ್ಟು ಗಾಳಿಯಣ್ಣನ ಅಂಗಿಗೆ ನೇತುಬಿದ್ದಳು. ಅವಳ ಧೈರ್ಯ ನೋಡಿ ಇನ್ನು ಕೆಲವು ಕಂಬಳಿಹುಳುಗಳೂ ನೇತುಬಿದ್ದವು. ಅವರಲ್ಲಿ ಮೀಸೆಪ್ಪ ಎಂಬುವನೊಬ್ಬನಿದ್ದ. ಅವನು ಬಂದದ್ದು ಧೈರ್ಯದಿಂದಲ್ಲ. ಎಲ್ಲರೂ ನೇತುಬಿದ್ದಾಗ ಅವನೂ ನೇತುಬಿದ್ದ, ಅಷ್ಟೆ.

ಹೀಗೆ ಬೂದವ್ವ ಬಡಗಣದ ತುದಿಗೆ ಬಂದಳು.

ಬಂದದ್ದು ನಿಜ, ಆದರೆ ದೊಡ್ಡವಳಾಗುವುದು ಸುಲಭವಾಗಿರಲಿಲ್ಲ. ಅಲ್ಲಿ ಎಲೆ ಚಿಗುರುವುದು ಸ್ವಲ್ಪ ದಿನ. ಅಷ್ಟರಲ್ಲಿ ತಿಂದಷ್ಟು ತಿನ್ನಬೇಕು. ಆಮೇಲೆ ಹಿಮ. ಬೂದವ್ವ ಕಲ್ಲಿನಡಿ ಮುದುಡಿ ಮಲಗಿದರೆ ಮೈಯೆಲ್ಲ ಹೆಪ್ಪುಗಟ್ಟಿ ಕಲ್ಲಿನ ಪಕ್ಕ ಇನ್ನೊಂದು ಕಲ್ಲಾಗುತ್ತಿದ್ದಳು. ಬೇಸಿಗೆ ಬಂದಾಗ ಕರಗಿ, ಎದ್ದು, ಬಿಟ್ಟ ಎಲೆಯನ್ನೇ ಮತ್ತೆ ಕಚ್ಚುತ್ತಿದ್ದಳು. ತಿನ್ನುವುದು, ಹೆಪ್ಪುಗಟ್ಟುವುದು. ತಿನ್ನುವುದು, ಹೆಪ್ಪುಗಟ್ಟುವುದು. ಹೀಗೆ ಎಷ್ಟೋ ವರ್ಷ ಕಳೆದವು. ತೆಂಕಣದ ಅಕ್ಕಂದಿರು ಅಷ್ಟರಲ್ಲಿ ಮುತ್ತಜ್ಜಿಯರಾಗಿದ್ದರು.

ಚಳಿಗಾಲದಲ್ಲಿ ಇರುಳಕ್ಕ ಬರುತ್ತಿದ್ದಳು. ಬಂದರೆ ಬೇಗ ಹೋಗುತ್ತಿರಲಿಲ್ಲ. ಕಲ್ಲಿನಡಿ ಕೈಯಾಡಿಸಿ, ಹೆಪ್ಪುಗಟ್ಟಿದ ಮಗಳ ಬೆನ್ನು ಸವರಿ, "ನನ್ನದೇ," ಎಂದು ಹೇಳಿ ಮೇಲೆ ಇನ್ನಷ್ಟು ಹಿಮ ಹೊದಿಸುತ್ತಿದ್ದಳು. ಬೂದವ್ವನಿಗೆ ಕನಸಿನಲ್ಲಿ ಕೇಳಿದ ಹಾಗೆ ಅದು ಕೇಳುತ್ತಿತ್ತು.

ಕೊನೆಗೊಂದು ಬೇಸಿಗೆ ಅವಳು ತನ್ನ ಕಂಬಳಿಯ ಎಳೆಗಳನ್ನೇ ಕಿತ್ತು ಗೂಡು ನೇಯ್ದಳು. ಒಳಗೆ ಮಲಗಿದಳು. ಎದ್ದಾಗ ರೆಕ್ಕೆ ಬಂದಿತ್ತು.

ರೆಕ್ಕೆ ಬಂತು, ಹೊಟ್ಟೆಯಲ್ಲಿ ಮೊಟ್ಟೆಯಿತ್ತು, ಬಾಯಲ್ಲಿ ಹಸಿವಿತ್ತು. ಹೂವಿನ ಜೇನು ಕುಡಿಯಬೇಕು, ಜೊತೆಗಾರನನ್ನು ಹುಡುಕಬೇಕು, ಹಿಮ ಬೀಳುವುದರೊಳಗೆ ಮೊಟ್ಟೆಯಿಡಬೇಕು. ಇಡದಿದ್ದರೆ ಆ ಸೀಮೆಯಲ್ಲಿ ಪತಂಗವೆಂಬುದೇ ಇಲ್ಲವಾಗುತ್ತದೆ. ಅಷ್ಟು ವರ್ಷ ಕಾದದ್ದು ಈ ಕೆಲವು ದಿನಕ್ಕಾಗಿ.

ಆದರೆ ಮಾತು ಕೊಟ್ಟಿದ್ದಳಲ್ಲ? ಬೂದವ್ವ ಕಲ್ಲಿನಡಿ ಕೂತು ಕತ್ತಲಾಗುವುದನ್ನು ಕಾದಳು.

ಕಲ್ಲಿನ ಬಿರುಕಿನಿಂದ ಬೆಳಕು ಬರುತ್ತಿತ್ತು. ಎಡಗಡೆಯಿಂದ ಬಂದ ಬೆಳಕು ಮೆಲ್ಲಗೆ ಬಲಗಡೆಗೆ ಸರಿಯಿತು. ಇನ್ನೇನು ಆರುತ್ತದೆ ಅಂದುಕೊಂಡಳು. ಆರಲಿಲ್ಲ. ಹಿಂದಿನಿಂದ ಸುತ್ತಿ ಮತ್ತೆ ಎಡಗಡೆಗೇ ಬಂತು.

"ಮೀಸೆಪ್ಪಾ, ಎದ್ದಿದ್ದೀಯಾ?" ಪಕ್ಕದ ಕಲ್ಲಿನ ಕಡೆಗೆ ಕೂಗಿದಳು.

"ಎದ್ದಿದ್ದೀನಿ. ನನ್ನ ಮೀಸೆ ನೋಡು ಮಾರಾಯ್ತಿ, ಬಾಚಣಿಗೆ ಥರ ಬಂದಿದೆ!"

"ಮೀಸೆ ಹಾಗಿರಲಿ. ಕತ್ತಲು ಯಾಕೆ ಬರಲಿಲ್ಲ?"

"ಬರುತ್ತೆ. ತಾಳ್ಮೆ ಇರಬೇಕು."

ಕಾದರು. ಬೆಳಕು ಎಡಗಡೆಯಿಂದ ಬಲಗಡೆಗೆ ಹೋಯಿತು, ಹಿಂದಿನಿಂದ ಸುತ್ತಿ ಎಡಗಡೆಗೆ ಬಂತು.

"ಮೀಸೆಪ್ಪಾ, ಇನ್ನೂ ಬರಲಿಲ್ಲ."

"ಬರುತ್ತೆ ಅಂದೆನಲ್ಲ. ಕತ್ತಲು ಬರದೆ ಇರುತ್ತಾ? ಎಲ್ಲಿಯಾದರೂ ಕೇಳಿದ್ದೀಯಾ?"

ಮತ್ತೆ ಕಾದರು. ಆಚೆ ಕಲ್ಲಿನಡಿ ಇವರ ಜೊತೆಯಲ್ಲೇ ಬಂದಿದ್ದ ಒಬ್ಬಳಿದ್ದಳು. ಅವಳು ಮೊದಲು ಕೂಗಿದರೆ "ಹೂಂ" ಅನ್ನುತ್ತಿದ್ದಳು. ಆಮೇಲಾಮೇಲೆ "ಹೂಂ" ಸಣ್ಣದಾಯಿತು. ಒಂದು ಸಲ ಬೂದವ್ವ ಕೂಗಿದಾಗ ಉತ್ತರವೇ ಬರಲಿಲ್ಲ. ಕಾದು ಕಾದು, ರೆಕ್ಕೆ ಒಂದು ಸಲವೂ ಬಿಚ್ಚದೆ, ಅವಳು ಒಣಗಿಹೋಗಿದ್ದಳು.

ಬೂದವ್ವ ಬಿರುಕಿನ ಬಳಿ ಬಂದು, "ಗಾಳಿಯಣ್ಣಾ, ಸ್ವಲ್ಪ ನಿಲ್ಲು. ನಮ್ಮಮ್ಮ ಎಲ್ಲಿ?" ಎಂದು ಕೇಳಿದಳು.

ಗಾಳಿಯಣ್ಣ ನಿಲ್ಲಲಾರ, ಕಲ್ಲಿನ ಸುತ್ತ ತಿರುಗುತ್ತಲೇ ಹೇಳಿದ. "ನಿಂಗೆ ಗೊತ್ತಿಲ್ವಾ? ಇರುಳಕ್ಕ ತವರಿಗೆ ಹೋಗಿದ್ದಾಳೆ."

"ತವರಿಗಾ!"

"ಈ ಸೀಮೆ ದೂರ ನೋಡು. ದಿನಾ ಇಬ್ಬರೂ ಇಲ್ಲಿಗೆ ಬಂದು ಹೋಗೋದು ಆಗುವ ಮಾತಲ್ಲ ಅಂತ ಓರಗಿತ್ತಿಯರು ಬೇರೆ ಥರ ಹಂಚಿಕೊಂಡರು. ಬೇಸಿಗೆ ಪೂರ್ತಿ ಹಗಲಕ್ಕ ಮನೆ ನೋಡ್ಕೋತಾಳೆ, ಇರುಳಕ್ಕ ತವರಿಗೆ. ಚಳಿಗಾಲ ಪೂರ್ತಿ ಇರುಳಕ್ಕ ಇರ್ತಾಳೆ, ಹಗಲಕ್ಕ ತವರಿಗೆ. ನೀನು ಹುಳುವಾಗಿದ್ದಾಗ ತಿನ್ನೋದರಲ್ಲೇ ಮುಳುಗಿದ್ದೆ, ಗಮನಿಸಿಲ್ಲ."

"ಮತ್ತೆ ಯಾವಾಗ ಬರ್ತಾಳೆ?"

"ಹಿಮದ ಜೊತೆಗೆ."

ಹಿಮದ ಜೊತೆಗೆ! ಅಂದರೆ ಹೂಗಳೆಲ್ಲ ಬಾಡಿದ ಮೇಲೆ. ಅಂದರೆ ಇವರೆಲ್ಲ ಒಣಗಿದ ಮೇಲೆ. ಅಮ್ಮ ಬಂದು ಬಾಗಿಲು ತಟ್ಟಿದಾಗ ಒಳಗೆ ಯಾರೂ ಇರುವುದಿಲ್ಲ.

"ನಾನು ಹೊರಗೆ ಹೋಗ್ತೀನಿ," ಅಂದಳು ಬೂದವ್ವ.

"ಅಯ್ಯೋ, ಮಾತು ಕೊಟ್ಟಿದ್ದೀಯ!" ಮೀಸೆಪ್ಪ ಕಿರುಚಿದ.

"ರೆಕ್ಕೆ ಬಿಚ್ಚೋದಿಲ್ಲ ಅಂತ ಮಾತು ಕೊಟ್ಟಿದ್ದು. ಕಾಲು ಮಡಚಿಕೊಂಡು ಕೂತಿರ್ತೀನಿ ಅಂತಲ್ಲ."

ಅವಳು ನಡೆದುಕೊಂಡು ಹೊರಟಳು.

ಹೊರಗೆ ಎಂಥ ಬೆಳಕು! ಹಗಲಕ್ಕ ತನ್ನ ಸೂರ್ಯನೊಲೆಯನ್ನು ಅಂಗಳದ ಅಂಚಿನಲ್ಲೇ ಸುತ್ತಿಸುತ್ತಿದ್ದಳು, ಎಲ್ಲೂ ಇಳಿಸುತ್ತಿರಲಿಲ್ಲ. ನೆಲದ ತುಂಬ ಗುಲಾಬಿ ಮೆತ್ತೆಯಂಥ ಹೂ, ಹತ್ತಿಯ ತುರಾಯಿ ಮುಡಿದ ಹುಲ್ಲು. ನಡುವೆ ತೆಳ್ಳನೆಯ ಕಾಂಡದ ಮೇಲೆ ಹಳದಿ ಬಟ್ಟಲಿನಂಥ ಹೂವೊಂದು ಸೂರ್ಯನ ಕಡೆಗೆ ಮುಖ ಮಾಡಿ ನಿಂತಿತ್ತು. ಅವಳೇ ಬಟ್ಟಲಮ್ಮ.

"ಯಾರದು?" ಬಟ್ಟಲಮ್ಮ ತಿರುಗದೆಯೇ ಕೇಳಿದಳು. "ತಿರುಗಿ ನೋಡೋಕೆ ಆಗಲ್ಲ ತಾಯಿ. ಈ ಸೂರ್ಯನ ಹಿಂದೆ ತಿರುಗಿ ತಿರುಗಿ ಕತ್ತು ಹಿಡ್ಕೊಂಡಿದೆ. ಒಂದು ಗಳಿಗೆ ಮುಳುಗಬಾರದಾ ಇವನು?"

"ನಾನು ಬೂದವ್ವ. ಹಸಿವಾಗಿದೆ. ಒಂದು ಗುಟುಕು ಕೊಡ್ತೀರಾ?"

ಅಷ್ಟರಲ್ಲಿ ಕೇಸರಿ ಎಂಬ ಚಿಟ್ಟೆ ಬಂದು ಅಡ್ಡ ನಿಂತಳು. ಹೂವಿಗೆ ಬಂದವರು ಯಾರ ಮಕ್ಕಳು ಎಂದು ನೋಡುವುದು ಅವಳ ಪಾಲಿನ ಕೆಲಸ. ಆ ಕಾಲದಲ್ಲಿ ಅದನ್ನು ನೋಡುವ ಕ್ರಮ ಒಂದೇ. ಊರು ಕೇಳುತ್ತಿರಲಿಲ್ಲ, ಹೆಸರು ಕೇಳುತ್ತಿರಲಿಲ್ಲ. "ಕೂತು ತೋರಿಸು" ಅನ್ನುತ್ತಿದ್ದರು.

"ಕೂತು ತೋರಿಸು," ಅಂದಳು ಕೇಸರಿ.

ಬೂದವ್ವ ಕೂತಳು. ರೆಕ್ಕೆ ಹೆಂಚಿನ ಸೂರಿನ ಹಾಗೆ ಇಳಿದು ಕೂತಿತು.

"ಓಹೋ! ಮೀಸೆಯಲ್ಲಿ ಗುಂಡಿಲ್ಲ. ಬಟ್ಟೆ ನೋಡಿದರೆ ಒಲೆಯೊಳಗೆ ಮಲಗಿ ಎದ್ದುಬಂದ ಹಾಗಿದೆ. ನೀನು ಇರುಳಕ್ಕನ ಕಡೆಯವಳು. ಹಗಲಲ್ಲಿ ನಿನಗೇನು ಕೆಲಸ? ಕತ್ತಲಾದ ಮೇಲೆ ಬಾ."

"ಇಲ್ಲಿ ಕತ್ತಲಾಗಲ್ಲ."

"ಅದಕ್ಕೆ ನಾನೇನು ಮಾಡಲಿ?"

"ಅವಳ ಮಾತು ಕೇಳಿದರೆ ಪಾಪ ಅನ್ನಿಸುತ್ತೆ ಕೇಸರಿ," ಅಂದಳು ಬಟ್ಟಲಮ್ಮ, ಸೂರ್ಯನನ್ನೇ ನೋಡುತ್ತ. "ಆದರೆ ಹಗಲಕ್ಕನ ಅಪ್ಪಣೆ ಇಲ್ಲದೆ ನಾನು ಬಾಯಿ ತೆರೆಯೋ ಹಾಗಿಲ್ಲ."

ಕೇಸರಿ ಕೆಟ್ಟವಳೇನಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಒಂದು ಕೆಲಸ ಮಾಡು. ನನ್ನ ಥರ ರೆಕ್ಕೆ ಮೇಲಕ್ಕೆ ಜೋಡಿಸಿ ಕೂರು. ಮೀಸೆ ತುದಿಗೆ ಒಂದಿಷ್ಟು ಹೂಪುಡಿ ಅಂಟಿಸ್ಕೋ. ಚಿಟ್ಟೆ ಅಂತ ಹೇಳ್ತೀನಿ. ಯಾರು ನೋಡ್ತಾರೆ?"

ಹಸಿವು ಬಹಳವಾಗಿತ್ತು. ಹೊಟ್ಟೆಯಲ್ಲಿ ಮೊಟ್ಟೆ ಭಾರವಾಗಿತ್ತು. ಬೂದವ್ವ ಮೀಸೆ ತುದಿಗೆ ಹೂಪುಡಿ ಅಂಟಿಸಿಕೊಂಡಳು. ಪಕ್ಕದ ಕರಿಬಂಡೆಯ ಮೇಲೆ ಹತ್ತಿ ರೆಕ್ಕೆಗಳನ್ನು ಕಷ್ಟಪಟ್ಟು ಮೇಲಕ್ಕೆ ಜೋಡಿಸಿದಳು. ಅಮ್ಮನ ಕೈಮೇಲೆ ಕೈಯಿಟ್ಟದ್ದು ನೆನಪಾಗಿ ಮುಖ ಬಿಸಿಯಾಯಿತು.

ಮುಖ ಬಿಸಿಯಾಯಿತು, ಮೈ ಮಾತ್ರ ತಣ್ಣಗಾಯಿತು. ಎತ್ತಿ ನಿಲ್ಲಿಸಿದ ರೆಕ್ಕೆಗೆ ಗಾಳಿ ಬಡಿಯಿತು. ಬಟ್ಟೆಯಿಲ್ಲದ ಹೊಟ್ಟೆಗೆ ಚಳಿ ಹೊಕ್ಕಿತು. ಅವಳು ಗಡಗಡ ನಡುಗಿ, ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಧೊಪ್ಪನೆ ಬಂಡೆಯ ಮೇಲೆ ಬಿದ್ದಳು.

"ಹೂಂ, ಇವಳು ಚಿಟ್ಟೆಯಾದ ಹಾಗೇ," ಎಂದು ನಿಟ್ಟುಸಿರು ಬಿಟ್ಟು ಕೇಸರಿ ಹಾರಿಹೋದಳು.

ಬೂದವ್ವ ಬಿದ್ದಲ್ಲೇ ಬಿದ್ದಿದ್ದಳು. ಏಳುವ ಶಕ್ತಿಯಿರಲಿಲ್ಲ. ರೆಕ್ಕೆಗಳು ತಾವಾಗಿಯೇ ಸೂರಿನ ಹಾಗೆ ಇಳಿದು ಬಂಡೆಗೆ ಅಂಟಿ ಕೂತವು.

ಆಗ ಒಂದು ವಿಚಿತ್ರ ನಡೆಯಿತು. ಹೊಟ್ಟೆಯ ಕೆಳಗೆ ಏನೋ ಬೆಚ್ಚಗಾಯಿತು. ಇದೇನು? ಅವಳು ಸ್ವಲ್ಪ ಸರಿದಳು. ಅಲ್ಲೂ ಬೆಚ್ಚಗೆ. ಕರಿಬಂಡೆ ಹೊತ್ತಿಡೀ ಬಿಸಿಲು ಕುಡಿದು ಕಾದ ಹೆಂಚಿನ ಹಾಗೆ ಕೂತಿತ್ತು! ರೆಕ್ಕೆಯ ಸೂರು ಮೇಲೆ ಮುಚ್ಚಿದ್ದರಿಂದ ಆ ಬಿಸಿ ಎಲ್ಲೂ ಹೋಗದೆ ಅವಳ ಹೊಟ್ಟೆಯಡಿಯೇ ನಿಂತಿತ್ತು.

"ಓ," ಅಂದಳು ಬೂದವ್ವ. "ಇದಕ್ಕೇನಾ ಅಮ್ಮ ಹೀಗೆ ಕೂರೋದಕ್ಕೆ ಹೇಳಿಕೊಟ್ಟಿದ್ದು?"

"ಅ... ಲ್ಲ," ಅಂದಿತು ಬಂಡೆ, ಬಹಳ ನಿಧಾನವಾಗಿ. "ಅವ... ಳಿಗೂ... ಗೊತ್ತಿರ... ಲಿಲ್ಲ. ನೀನೇ... ಕಂಡುಕೊಂಡೆ."

ಬೂದವ್ವ ಮೀಸೆಯ ಹೂಪುಡಿಯನ್ನು ಕಾಲಿನಿಂದ ಒರೆಸಿ ಹಾಕಿದಳು.

ಆ ಬಂಡೆಯ ಮೇಲೆಲ್ಲ ಕಲ್ಲುಹೂವು ಬೆಳೆದಿತ್ತು. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಇರುತ್ತದಲ್ಲ, ಕಪ್ಪು ಬಿಳುಪಿನ ಒಣ ಚಕ್ಕೆ, ಅದರ ದಾಯಾದಿ. ಅವಳು ಅದರ ಮೇಲೆ ಹೊರಳಿದಾಗ ಬೂದಿ ಬಟ್ಟೆಯ ಮೇಲೆ ಕಪ್ಪು ಚುಕ್ಕೆ, ಬಿಳಿ ಗೆರೆ ಮೂಡಿದವು. ಅದು ಅವಳಿಗೆ ಗೊತ್ತೇ ಆಗಲಿಲ್ಲ. ಹಿಮಗುಬ್ಬಿಯೊಂದು ಬಂದು ಅವಳ ಮೂಗಿನ ಮುಂದೆಯೇ ಕುಪ್ಪಳಿಸಿ, "ಇಲ್ಲಿ ಏನೋ ಬಿತ್ತಲ್ಲ, ಎಲ್ಲಿ ಹೋಯ್ತು?" ಎಂದು ಗೊಣಗಿ ಹೋದಾಗಷ್ಟೇ ಗೊತ್ತಾಯಿತು.

ಇನ್ನು ಚಳಿಗೇನು ಮಾಡುವುದು? ಬಂಡೆಯನ್ನು ಹೊತ್ತುಕೊಂಡು ಹಾರಲು ಆಗುತ್ತದೆಯೇ?

ಅಲ್ಲೇ ಜೂಲಜ್ಜ ಮೇಯುತ್ತಿದ್ದ. ಅವನು ಆ ಸೀಮೆಯ ಕೋಣ. ಅವನ ಕೂದಲು ನೆಲ ಗುಡಿಸುವಷ್ಟು ಉದ್ದ. ಬೇಸಿಗೆಯಲ್ಲಿ ಆ ಕೂದಲೊಳಗಿನ ಮೆತ್ತನೆಯ ಉಣ್ಣೆ ತಾನಾಗಿ ಕಳಚಿ ಗಿಡಗಿಡಕ್ಕೂ ಸಿಕ್ಕಿ ನೇತಾಡುತ್ತಿತ್ತು.

"ಅಜ್ಜಾ, ಇದು ನಿಮಗೆ ಬೇಕಾ?"

"ಸೆಖೆ ಕಣೇ ಮಗಾ, ಸೆಖೆ!" ಅಂದ ಜೂಲಜ್ಜ. ನೀರೆಲ್ಲ ಮಂಜಾಗುವ ಸೀಮೆಯಲ್ಲಿ ಸೆಖೆ ಅನ್ನುವವನು ಅವನೊಬ್ಬನೇ. "ಎಷ್ಟು ಬೇಕೋ ಅಷ್ಟು ತಗೊಂಡು ಹೋಗು. ಆದರೆ ಬಿಟ್ಟಿ ಕೊಟ್ಟೆ ಅಂತ ಯಾರಿಗೂ ಹೇಳಬೇಡ, ಎಲ್ಲರೂ ಬಂದುಬಿಡ್ತಾರೆ."

"ಬಿಟ್ಟಿ ನನಗೂ ಬೇಡ. ನಿಮ್ಮ ಕಿವಿ ಹತ್ತಿರ ಸೊಳ್ಳೆ ಮುತ್ತಿಕೊಂಡಿವೆ. ಓಡಿಸಿಕೊಡ್ತೀನಿ."

ಸೊಳ್ಳೆ ಓಡಿಸಿ ಉಣ್ಣೆ ತೆಗೆದುಕೊಂಡಳು. ಎದೆಗೆ ಸುತ್ತಿದಳು, ಬೆನ್ನಿಗೆ ಸುತ್ತಿದಳು, ಕಾಲಿಗೂ ಸುತ್ತಿದಳು. ಹುಳುವಾಗಿದ್ದಾಗ ಕಳಚಿಟ್ಟ ಕಂಬಳಿ ತಿರುಗಿ ಸಿಕ್ಕಿದ ಹಾಗಾಯಿತು.

ಆಮೇಲೆ ಬಂಡೆಯ ಮೇಲೆ ನಿಂತಳು. "ಅಮ್ಮಾ, ನೀನು ತಟ್ಟೋದಕ್ಕೆ ಮುಂಚೆ ನಾನೇ ಬಾಗಿಲು ತೆಗೀತಿದೀನಿ. ಬಂದಮೇಲೆ ಬೈಯಿ," ಎಂದು ಹೇಳಿ ರೆಕ್ಕೆ ಬಿಚ್ಚಿದಳು.

ಹಾರಿದಳು!

ಹಾರಿ ನೇರ ಬಟ್ಟಲಮ್ಮನ ಬಳಿ ಬಂದಳೋ ಇಲ್ಲವೋ, ಆಕಾಶದ ತುಂಬ ಒಂದು ದನಿ ಕೇಳಿತು. "ನಿಲ್ಲು! ಯಾರ ಮಗಳು ನೀನು?"

ಹಗಲಕ್ಕ. ಹೂಗಳೆಲ್ಲ ಉಸಿರು ಬಿಗಿಹಿಡಿದವು. ಬಟ್ಟಲಮ್ಮ ಕೂಡ ಕತ್ತುನೋವು ಮರೆತಳು.

ಬೂದವ್ವ ಹಿಂದೆ ಸರಿಯಲಿಲ್ಲ. ಬಟ್ಟಲಮ್ಮನ ಪಕ್ಕದ ಕಲ್ಲಿನ ಮೇಲೆ ಇಳಿದು, ಎಲ್ಲರೂ ನೋಡುವ ಹಾಗೆ, ಸೂರಿನಂತೆ ರೆಕ್ಕೆ ಇಳಿಬಿಟ್ಟು ಕೂತು ತೋರಿಸಿದಳು.

"ಇರುಳಕ್ಕನ ಮಗಳು," ಅಂದಳು.

"ಇರುಳಕ್ಕನ ಮಗಳು ನನ್ನ ಹೊತ್ತಿನಲ್ಲಿ, ನನ್ನ ಅಂಗಳದಲ್ಲಿ, ನನ್ನನ್ನು ಕೇಳದೆ ಹಾರುತ್ತಿದ್ದೀಯಾ?"

"ಕೇಳಬೇಕು ಅಂತಲೇ ಬಂದೆ, ದೊಡ್ಡಮ್ಮಾ."

ಹಗಲಕ್ಕನನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಆದರೆ ಅಮ್ಮನ ಹಿರಿಯ ಓರಗಿತ್ತಿಯನ್ನು ಇನ್ನೇನೆಂದು ಕರೆಯುತ್ತಾರೆ?

"ಏನಂದೆ?"

"ದೊಡ್ಡಮ್ಮ ಅಂದೆ. ನಮ್ಮಮ್ಮ ತವರಿಗೆ ಹೋಗಿದ್ದಾಳೆ. ಒಂದೇ ಮನೆಯಲ್ಲಿ ಒಬ್ಬ ಸೊಸೆ ತವರಿಗೆ ಹೋದಾಗ ಅವಳ ಮಕ್ಕಳಿಗೆ ಊಟ ಹಾಕೋರು ಯಾರು? ದೊಡ್ಡಮ್ಮ ತಾನೇ? ದೊಡ್ಡಮ್ಮನ ಒಲೆ ಹೊತ್ತಿಡೀ ಉರೀತಾ ಇದೆ. ನಾವು ಕಲ್ಲಿನಡಿ ಹಸಿದು ಸಾಯ್ತಾ ಇದೀವಿ. ಒಬ್ಬಳು ಆಗಲೇ ಹೋದಳು. ಅಮ್ಮ ಬಂದು 'ಅಕ್ಕಾ, ನನ್ನ ಮಕ್ಕಳೆಲ್ಲಿ' ಅಂತ ಕೇಳಿದರೆ ನೀವು ಏನು ಹೇಳ್ತೀರಿ?"

ಗಾಳಿಯಣ್ಣ ಕೂಡ, ಎಂದೂ ನಿಲ್ಲದವನು, ನಿಂತ.

ಹಗಲಕ್ಕನ ಮುಖ ಕೆಂಪಾಯಿತು. ನಡುಹಗಲಿನಲ್ಲಿ ಆಕಾಶ ಕೆಂಪಾದದ್ದು ಅದೊಂದೇ ಸಲ.

"ನನಗೆ ಗೊತ್ತಿರಲಿಲ್ಲ ಮಗಳೇ," ಅಂದಳು. "ಅವಳೂ ಹೋಗುವಾಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾ, ಕುಡಿ. ಮೊದಲು ಆ ಹಳೇ ಬೂದಿ ಬಟ್ಟೆ ಬಿಚ್ಚು. ನಿನಗೆ ಕೆಂಪು, ನೀಲಿ, ಏನು ಬೇಕೋ ಹೊಲಿದು ಕೊಡ್ತೀನಿ. ಮೀಸೆಗೆ ಗುಂಡು ಇಡ್ತೀನಿ. ನನ್ನ ಮಕ್ಕಳ ಥರ ಆಗಿಬಿಡು."

ಯಾರಾದರೂ ಬೇಡ ಅನ್ನುತ್ತಾರೆಯೇ? ಅಷ್ಟರಲ್ಲಿ ಮರಳಿ ಬಂದಿದ್ದ ಕೇಸರಿಯ ಬಾಯಲ್ಲಿ ನೀರೂರಿತು.

"ಬೇಡ ದೊಡ್ಡಮ್ಮಾ," ಅಂದಳು ಬೂದವ್ವ. "ಊಟ ನಿಮ್ಮ ಮನೇದು ಮಾಡ್ತೀನಿ. ಬಟ್ಟೆ ನಮ್ಮಮ್ಮ ಹೊಲಿದದ್ದೇ ಇರಲಿ. ಇದರಲ್ಲೇ ನಾನು ಬೆಚ್ಚಗಿರೋದನ್ನ ಕಲ್ತಿದೀನಿ."

"ಹಠಮಾರಿ! ದೊಡ್ಡಮ್ಮ ಕೊಟ್ಟದ್ದನ್ನು ಹಾಗೆ ತಳ್ಳಬಾರದು. ನನ್ನ ಮನಸ್ಸಿಗೂ ಸಮಾಧಾನ ಬೇಕಲ್ಲ? ಅದೂ ಅಲ್ಲದೆ ಹೂಗಳಿಗೆ ಒಂದು ಗುರುತು ಬೇಡವೇ, ನಾನು ಒಪ್ಪಿದ್ದೀನಿ ಅಂತ?"

ಬೂದವ್ವ ಯೋಚಿಸಿದಳು. "ಹಾಗಾದರೆ ಒಳಗೆ ಉಡೋದಕ್ಕೆ ಏನಾದರೂ ಕೊಡಿ. ಮೇಲಿನ ರೆಕ್ಕೆ ಅಮ್ಮನದು, ಕೆಳಗಿನ ರೆಕ್ಕೆಗೆ ನಿಮ್ಮದು."

ಹಗಲಕ್ಕ ನಕ್ಕಳು. ಬಟ್ಟಲಮ್ಮನ ಬಟ್ಟಲಿನಿಂದ ಬಿಸಿಲಿನ ಹಳದಿಯನ್ನು ಬೊಗಸೆಯಲ್ಲಿ ತುಂಬಿಕೊಂಡು ಕೆಳರೆಕ್ಕೆಗೆ ಒಂದು ಹಳದಿ ಲಂಗ ಹೊಲಿದಳು. ಹೊಲಿದು ಕಣ್ಣಿಗೆ ದೂರ ಹಿಡಿದು ನೋಡಿದಳು. "ಏನೋ ಕಡಿಮೆಯಾಯ್ತಲ್ಲ?"

"ಅಂಚಿಲ್ಲ," ಅಂದಳು ಬೂದವ್ವ. "ಅಂಚು ಕಪ್ಪು ಬೇಕು."

"ಕಪ್ಪು! ನನ್ನ ಮನೆಯಲ್ಲಿ ಕಪ್ಪು ಎಲ್ಲಿಂದ ತರಲಿ?"

"ಕಲ್ಲುಗಳ ಕೆಳಗೆ ನೆರಳಿದೆಯಲ್ಲ ದೊಡ್ಡಮ್ಮಾ. ತವರಿಗೆ ಹೊರಟಾಗ ಅಮ್ಮನ ಸೆರಗು ಸಿಕ್ಕಿ ಹರಿದು ಉಳಿದ ಚೂರು."

ಹಗಲಕ್ಕ ಬಗ್ಗಿದಳು. ಬೂದವ್ವ ಅಷ್ಟು ದಿನ ಕಾದು ಕೂತಿದ್ದ ಆ ಕಲ್ಲಿನಡಿಯಿಂದಲೇ ಒಂದು ಎಳೆ ನೆರಳು ಹಿರಿದು, ಹಳದಿ ಲಂಗದ ಸುತ್ತ ಅಂಚು ಕಟ್ಟಿದಳು.

"ಹಾರುವಾಗ ನನ್ನದು ಕಾಣಲಿ," ಅಂದಳು. "ಕೂತಾಗ ನಿಮ್ಮಮ್ಮನದು ಕಾಣಲಿ. ಹಕ್ಕಿ ಹಳದಿ ನೋಡಿ ಅಟ್ಟಿಕೊಂಡು ಬಂದರೆ ಕಲ್ಲಿನ ಮೇಲೆ ಕೂತುಬಿಡು. ಹುಡುಕುತ್ತಾ ಇರಲಿ."

ಬಟ್ಟಲಮ್ಮ ಬಾಯಿ ತೆರೆದಳು. ಬೂದವ್ವ ಬಟ್ಟಲಿನೊಳಗೆ ಕೂತು ಹೊಟ್ಟೆ ತುಂಬ ಜೇನು ಕುಡಿದಳು. ಕುಡಿದು ಎದ್ದವಳು ನೇರ ಮೀಸೆಪ್ಪನ ಕಲ್ಲಿನ ಬಾಗಿಲಿಗೆ ಹೋಗಿ ಕಾಲಿನಿಂದ ತಟ್ಟಿದಳು.

"ಯಾರು? ಅಮ್ಮನಾ? ಕತ್ತಲಾಯ್ತಾ?" ಮೀಸೆಪ್ಪನ ದನಿ ಸೋತುಹೋಗಿತ್ತು.

"ಕತ್ತಲಾಗಿಲ್ಲ. ನಾನು ತಟ್ಟಿದ್ದು. ಹೊರಗೆ ಬಾ."

"ಬೆಳಕಲ್ಲಿ ಹೇಗೆ ಬರಲಿ?"

"ನನ್ನ ಲಂಗ ನೋಡೋದಕ್ಕಾದರೂ ಬಾ."

ಮೀಸೆಪ್ಪ ಬಾಚಣಿಗೆ ಮೀಸೆಯನ್ನು ಮೊದಲು ಹೊರಗೆ ಚಾಚಿದ. ಆಮೇಲೆ ತಲೆ, ಆಮೇಲೆ ಮೈ. "ಮಾರಾಯ್ತೀ!" ಅಂದ. ಅಷ್ಟೇ ಅಂದ. ಅವನಿಗೂ ಉಣ್ಣೆ ಸಿಕ್ಕಿತು, ಲಂಗದ ಬದಲು ಹಳದಿ ಪಂಚೆ ಸಿಕ್ಕಿತು, ಅದೇ ಕಪ್ಪು ಅಂಚು. ಉಳಿದವರೂ ಒಬ್ಬೊಬ್ಬರಾಗಿ ಬಂದರು. ಬಡಗಣದ ಬಯಲಿನಲ್ಲಿ ಮೊದಲ ಸಲ ಪತಂಗಗಳು ಹಗಲಿನಲ್ಲಿ ಹಾರಿದವು.

ಮೀಸೆಪ್ಪನನ್ನೇ ಜೊತೆಗಾರನನ್ನಾಗಿ ಮಾಡಿಕೊಂಡು ಬೂದವ್ವ ಮೊಟ್ಟೆಯಿಟ್ಟಳು. ಅಂಗೈ ಎತ್ತರದ ಗಿಡದ ಬುಡದಲ್ಲಿ, ಗಾಳಿ ತಾಗದ ಕಡೆ. ಹಿಮ ಬೀಳುವುದರೊಳಗೆ ಮರಿಗಳು ಹೊರಬಂದು, ತಿಂದು, ಪುಟ್ಟ ಪುಟ್ಟ ಕಂಬಳಿ ಹೊದ್ದು ಕಲ್ಲಿನಡಿ ಸೇರಿಕೊಂಡವು.

ಆಮೇಲೊಂದು ದಿನ ಸೂರ್ಯನೊಲೆ ಅಂಗಳದ ಅಂಚಿನಾಚೆಗೆ ಇಳಿಯಿತು. ಹೂಗಳು ಉದುರಿದ್ದವು. ಬೂದವ್ವನ ರೆಕ್ಕೆ ಹರಿದಿತ್ತು. ಅವಳು ಕರಿಬಂಡೆಯ ಮೇಲೆ ಸುಮ್ಮನೆ ಕೂತಿದ್ದಳು. ದೂರದಲ್ಲಿ ಸೆರಗಿನ ಸಪ್ಪಳವಾಯಿತು. ತವರಿನಿಂದ ಅಮ್ಮ ಬಂದಳು.

ಇರುಳಕ್ಕ ಮೊದಲು ಕಲ್ಲಿನ ಬಾಗಿಲು ತಟ್ಟಿದಳು. ಒಳಗಿನಿಂದ ಉತ್ತರ ಬರಲಿಲ್ಲ.

"ನಾನು ಇಲ್ಲಿ ಹೊರಗಿದ್ದೀನಿ ಅಮ್ಮಾ," ಅಂದಳು ಬೂದವ್ವ. "ನೀನು ತಟ್ಟೋದಕ್ಕೆ ಮುಂಚೆಯೇ ಹಾರಿದೆ. ಬೈಯಿ."

ಇರುಳಕ್ಕ ಬೈಯಲಿಲ್ಲ. ಕೈ ಚಾಚಿ ಮಗಳ ಬೆನ್ನು ಸವರಿದಳು. ಸೂರಿನಂತೆ ಇಳಿದ ರೆಕ್ಕೆ ಕೈಗೆ ಸಿಕ್ಕಿತು. "ಇದು ನನ್ನದು," ಅಂದಳು. ಅದರ ಕೆಳಗೆ ಬೆರಳು ಹಾಕಿದಳು. ಅಲ್ಲಿ ಇನ್ನೂ ಬಿಸಿಲಿನ ಬಿಸಿಯಿತ್ತು. "ಇದು ನನ್ನದಲ್ಲ. ಯಾರು ಉಡಿಸಿದರು?"

"ದೊಡ್ಡಮ್ಮ."

ಬೆರಳು ಬಿಸಿಯ ಅಂಚಿನವರೆಗೆ ಹೋಗಿ ನಿಂತಿತು. ತಂಪು ತಂಪಾದ ಒಂದು ಎಳೆ. ಇರುಳಕ್ಕನಿಗೆ ತನ್ನ ಸೆರಗು ತಿಳಿಯದೆ ಇರುತ್ತದೆಯೇ?

"ಅಕ್ಕನ ಹೊಲಿಗೆ ಯಾವಾಗಲೂ ಚೆನ್ನ," ಅಂದಳು ಮೆಲ್ಲಗೆ. ಆಮೇಲೆ ಕಲ್ಲಿನಡಿ ಕೈಯಾಡಿಸಿದಳು. ಅಲ್ಲಿ ಮರಿಗಳು ಸಾಲಾಗಿ ಮುದುಡಿ ಮಲಗಿದ್ದವು. ಒಂದೊಂದರ ಬೆನ್ನನ್ನೂ ಸವರಿ ಇರುಳಕ್ಕ ಹೇಳಿದಳು, "ನನ್ನದೇ. ಅಕ್ಕನದೂ ಹೌದು." ಎಲ್ಲರ ಮೇಲೂ, ಬೂದವ್ವನ ಮೇಲೂ, ಮೆತ್ತಗೆ ಹಿಮ ಹೊದಿಸಿದಳು.

ನಮ್ಮ ಮನೆಯ ದೀಪದ ಸುತ್ತ ಸುತ್ತುತ್ತಿರುವ ಪತಂಗಗಳು ಅಂದು ನಕ್ಕ ಆ ಅಕ್ಕಂದಿರ ಸಂತಾನ. ಬೂದವ್ವನ ಸಂತಾನವನ್ನು ನೋಡಬೇಕಾದರೆ ಬಡಗಣದ ಮಕ್ಕಳನ್ನು ಕೇಳಬೇಕು. ಬೇಸಿಗೆಯ ನಟ್ಟ ನಡುಹಗಲಿನಲ್ಲಿ ಅವರ ಮುಂದೆ ಹಳದಿಯದೊಂದು ಹಾರಿಹೋಗುತ್ತದೆ. ಇದು ಚಿಟ್ಟೆಯೋ ಪತಂಗವೋ ಎಂದು ಅವರು ಹಿಂದೆ ಓಡುತ್ತಾರೆ. ಅದು ಕರಿಬಂಡೆಯ ಮೇಲೆ ಇಳಿದು, ಹೆಂಚಿನ ಸೂರಿನ ಹಾಗೆ ಬೂದಿ ರೆಕ್ಕೆ ಇಳಿಬಿಟ್ಟು, ಹಳದಿ ಲಂಗವನ್ನು ಒಳಗೆ ಮುಚ್ಚಿಕೊಂಡು, ಇವತ್ತಿಗೂ ತಾನು ಯಾರ ಮಗಳೆಂದು ಕೂತು ತೋರಿಸುತ್ತದೆ.